ಆರ್ಕಿಡ್‌ಗೆ ಎಂಟು ಕೋಟಿ ವರ್ಷವೋ, ಐವತ್ತು ಲಕ್ಷವೋ?

ಆರ್ಕಿಡ್ ಹುಟ್ಟಿದ್ದು ಎಂಟು ಕೋಟಿ ವರ್ಷಕ್ಕೂ ಹಿಂದೆ, ಡೈನೋಸಾರ್‌ಗಳು ಓಡಾಡುತ್ತಿದ್ದ ಕಾಲದಲ್ಲಿ. ಇದು ಒಂದು ಸುದ್ದಿ. ಈಗ ನಾವು ಕಾಣುವ ಆರ್ಕಿಡ್‌ಗಳಲ್ಲಿ ಹೆಚ್ಚಿನವು ಕಳೆದ 50 ಲಕ್ಷ ವರ್ಷದೊಳಗೆ ಬಂದವು. ಇದು ಇನ್ನೊಂದು ಸುದ್ದಿ. ಆರ್ಕಿಡ್‌ನ ಹುಟ್ಟೂರು ಆಸ್ಟ್ರೇಲಿಯಾ ಅಲ್ಲ, ಭೂಮಿಯ ಉತ್ತರ ಭಾಗ ಎನ್ನುವುದು ಮೂರನೆಯದು. ತಮಾಷೆ ಎಂದರೆ ಈ ಮೂರೂ ಒಂದೇ ಅಧ್ಯಯನದಿಂದ ಬಂದವು. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು ಹಲವು ದೇಶಗಳ ಜೊತೆಗಾರರೊಂದಿಗೆ ಸೇರಿ 2024ರಲ್ಲಿ 'ನ್ಯೂ ಫೈಟಾಲಜಿಸ್ಟ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು.

ಅಂದಿನಿಂದ ಗೊಂದಲ ಶುರು. ಹಳೆಯ ಪುಸ್ತಕದಲ್ಲಿ ಒಂದು ಅಂಕಿ ಇದೆ, ಅಂತರ್ಜಾಲದಲ್ಲಿ ಇನ್ನೊಂದು. ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ರೂಮುಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಯಾವುದನ್ನು ಬರೆಯಬೇಕು ಎಂಬ ಚಿಂತೆ. ದಸರಾ ಫಲಪುಷ್ಪ ಪ್ರದರ್ಶನದಲ್ಲಿ ಕುಂಡದ ಆರ್ಕಿಡ್ ನೋಡಿ ಇಷ್ಟಪಟ್ಟವರಿಗೆ ಬೇರೆ ಪ್ರಶ್ನೆ: ಇಷ್ಟು ನಾಜೂಕಾದ ಗಿಡ ಅಷ್ಟು ಕಾಲ ಹೇಗೆ ಉಳಿಯಿತು? ವಿಜ್ಞಾನಿಗಳು ಮಾತು ಬದಲಿಸುತ್ತಿದ್ದಾರೆ ಅಂತ ಅನ್ನಿಸುವುದು ಸಹಜ. ಆದರೆ ಒಂದೊಂದೇ ಬಿಡಿಸಿ ನೋಡಿದರೆ ಇವುಗಳಲ್ಲಿ ನಿಜವಾದ ಜಗಳ ಒಂದೇ. ಉಳಿದವು ಬೇರೆ ಬೇರೆ ಪ್ರಶ್ನೆಗಳಿಗೆ ಸಿಕ್ಕ ಬೇರೆ ಬೇರೆ ಉತ್ತರಗಳು.

ಮನೆತನ ಹಳೆಯದು, ಮಂದಿ ಹೊಸಬರು

ಮೈಸೂರಿನ ಒಡೆಯರ ಮನೆತನ ಶುರುವಾದದ್ದು 1399ರಲ್ಲಿ ಎಂದು ನಾವೆಲ್ಲ ಓದಿದ್ದೇವೆ. ಈಗ ಆ ಮನೆತನದಲ್ಲಿ ಇರುವವರು ಹುಟ್ಟಿದ್ದು ಮೊನ್ನೆ ಮೊನ್ನೆ. ಈ ಎರಡು ಮಾತು ಒಂದಕ್ಕೊಂದು ವಿರುದ್ಧ ಅಂತ ಯಾರೂ ಹೇಳುವುದಿಲ್ಲ. ಆರ್ಕಿಡ್ ವಿಷಯದಲ್ಲೂ ಅಷ್ಟೇ. ಸುಮಾರು 8.3 ಕೋಟಿ ವರ್ಷ ಎನ್ನುವುದು ಕುಟುಂಬದ ವಯಸ್ಸು. 50 ಲಕ್ಷ ವರ್ಷ ಎನ್ನುವುದು ಆ ಕುಟುಂಬದಲ್ಲಿ ಇವತ್ತು ಬದುಕಿರುವ ಬಹುಪಾಲು ಪ್ರಭೇದಗಳ ವಯಸ್ಸಿನ ಮಿತಿ.

ಈ ಕುಟುಂಬದ ಗಾತ್ರವೂ ಸಣ್ಣದಲ್ಲ. 2024ರ ಅಧ್ಯಯನ ಹಿಡಿದ ಲೆಕ್ಕದ ಪ್ರಕಾರ 736 ಕುಲಗಳು (ಹತ್ತಿರದ ಪ್ರಭೇದಗಳ ಗುಂಪುಗಳು), 29,524 ಪ್ರಭೇದಗಳು. ಹೂ ಬಿಡುವ ಸಸ್ಯಗಳಲ್ಲಿ ಇದಕ್ಕೆ ಸರಿಸಾಟಿಯಾಗಿ ನಿಲ್ಲುವುದು ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬ ಒಂದೇ. ಅಂಟಾರ್ಕ್ಟಿಕಾ ಬಿಟ್ಟರೆ ಎಲ್ಲ ಖಂಡಗಳಲ್ಲೂ ಆರ್ಕಿಡ್ ಇದೆ. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ 2019ರಲ್ಲಿ ಕೊಟ್ಟ ಪಟ್ಟಿಯಂತೆ ನಮ್ಮ ದೇಶದಲ್ಲಿ 1,256 ಪ್ರಭೇದಗಳಿವೆ. ಅದರಲ್ಲಿ 388 ಬೇರೆ ಎಲ್ಲೂ ಇಲ್ಲದವು. ಮಲೆನಾಡಿನವರು ಸೀತಾಳೆ ದಂಡೆ ಎಂದು ಕರೆಯುವ, ಮುಂಗಾರಿನ ಹೊತ್ತಿಗೆ ಮರದ ಕೊಂಬೆಯಿಂದ ನರಿಬಾಲದ ಹಾಗೆ ಇಳಿಬೀಳುವ ಗುಲಾಬಿ-ಬಿಳಿ ಗೊಂಚಲು ನಮ್ಮ ದೇಶದ ಆರ್ಕಿಡ್‌ಗಳಲ್ಲಿ ಒಂದು. ಅಸ್ಸಾಮಿನ ರಾಜ್ಯಪುಷ್ಪವೂ ಅದೇ. ಕಾಡೇ ಬೇಕು ಅಂತಲೂ ಇಲ್ಲ. ವಾಂಡಾ ಜಾತಿಯ ಒಂದು ಆರ್ಕಿಡ್ ಬಯಲುಸೀಮೆಯ ಹಳೆಯ ಮಾವಿನ ಮರಗಳ ಮೇಲೂ ಬೆಳೆಯುತ್ತದೆ. ತುಂಬಾ ಜನ ಅದನ್ನು ಬಂದಳಿಕೆ ಎಂದುಕೊಂಡು ಕಿತ್ತು ಬಿಸಾಡುತ್ತಾರೆ. ಬಂದಳಿಕೆ ಮರದ ರಸ ಹೀರುತ್ತದೆ. ಆರ್ಕಿಡ್ ಹೀರುವುದಿಲ್ಲ, ಅದಕ್ಕೆ ಬೇಕಾದದ್ದು ಕೂರಲು ಜಾಗ ಮಾತ್ರ.

ವಯಸ್ಸು ಗೊತ್ತಾದದ್ದು ಹೇಗೆ?

ಹಳೆಯ ಗಿಡದ ವಯಸ್ಸು ತಿಳಿಯಲು ಪಳೆಯುಳಿಕೆ ಬೇಕು. ಆರ್ಕಿಡ್‌ಗಳ ತೊಂದರೆ ಇಲ್ಲೇ. ಇವು ಮೆತ್ತನೆಯ ಗಿಡಗಳು. ಮರದಂತೆ ಕಲ್ಲಾಗಿ ಉಳಿಯುವ ಕಾಂಡ ಇವುಗಳಿಗಿಲ್ಲ. ಎಷ್ಟೋ ಸಸ್ಯಗಳ ಪರಾಗ ಗಾಳಿಗೆ ಹಾರಿ ಕೆರೆಯ ಕೆಸರಿನಲ್ಲಿ ಕೂತು ಲಕ್ಷಾಂತರ ವರ್ಷ ಉಳಿಯುತ್ತದೆ. ಆರ್ಕಿಡ್ ಪರಾಗ ಹಾರುವುದೇ ಇಲ್ಲ. ಹೀಗಾಗಿ ಬಹಳ ಕಾಲ ವಿಜ್ಞಾನಿಗಳ ಕೈಯಲ್ಲಿ ನಂಬುವಂಥ ಒಂದೂ ಸಾಕ್ಷಿ ಇರಲಿಲ್ಲ. ಸಾಕ್ಷಿ ಇಲ್ಲದ್ದನ್ನೇ ಹಿಡಿದು 'ಆರ್ಕಿಡ್ ತೀರಾ ಹೊಸ ಕುಟುಂಬ' ಅಂತ ಹೇಳುವವರೂ ಇದ್ದರು.

2007ರಲ್ಲಿ ಚಿತ್ರ ಬದಲಾಯಿತು. ಕೆರಿಬಿಯನ್ನಿನ ಡೊಮಿನಿಕನ್ ಗಣರಾಜ್ಯದಲ್ಲಿ ಸಿಕ್ಕ ಅಂಬರ್ ತುಂಡೊಂದರಲ್ಲಿ ಒಂದು ಜೇನುಹುಳ ಇತ್ತು. ಅಂಬರ್ ಎಂದರೆ ಮರದ ಅಂಟು ಗಟ್ಟಿಯಾಗಿ ಕಲ್ಲಿನಂತಾದದ್ದು. ಆ ಹುಳ ನಮ್ಮ ಮುಜಂಟಿಯ ಜಾತಿಗೆ ಸೇರಿದ, ಚುಚ್ಚದ ಚಿಕ್ಕ ಜೇನು. ಅದರ ಬೆನ್ನಿಗೆ ಆರ್ಕಿಡ್ ಒಂದರ ಪರಾಗದ ಉಂಡೆ ಅಂಟಿಕೊಂಡಿತ್ತು. ಹೂವಿನಿಂದ ಹೊರಟ ಹುಳ ಮರದ ಅಂಟಿಗೆ ಸಿಕ್ಕಿ ಸತ್ತು 1.5ರಿಂದ 2 ಕೋಟಿ ವರ್ಷ ಆಗಿತ್ತು. ಹಾರ್ವರ್ಡ್‌ನ ಸಾಂಟಿಯಾಗೊ ರಮೀರೆಸ್ ಮತ್ತು ಸಂಗಡಿಗರು ಆ ಅಳಿದುಹೋದ ಆರ್ಕಿಡ್‌ಗೆ ಮೆಲಿಯಾರ್ಕಿಸ್ ಕ್ಯಾರಿಬಿಯಾ ಎಂದು ಹೆಸರಿಟ್ಟರು.

ಒಂದು ಉಂಡೆ ಪರಾಗ ಇಡೀ ಕುಟುಂಬದ ವಯಸ್ಸು ಹೇಳುವುದು ಹೇಗೆ? ಡಿಎನ್‌ಎಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಣ್ಣ ಬದಲಾವಣೆಗಳು ಸೇರುತ್ತಾ ಹೋಗುತ್ತವೆ. ಎರಡು ಗಿಡಗಳ ನಡುವೆ ವ್ಯತ್ಯಾಸ ಜಾಸ್ತಿ ಇದ್ದಷ್ಟೂ ಅವು ಬೇರೆಯಾಗಿ ಜಾಸ್ತಿ ಕಾಲ ಆಗಿದೆ ಎಂದರ್ಥ. ಆದರೆ ಇಷ್ಟು ವ್ಯತ್ಯಾಸಕ್ಕೆ ಇಷ್ಟು ವರ್ಷ ಎಂದು ಹೇಳಲು ಕನಿಷ್ಠ ಒಂದು ಕವಲಿನ ನಿಜವಾದ ಕಾಲ ಗೊತ್ತಿರಬೇಕು. ಆ ಜೇನುಹುಳ ಕೊಟ್ಟಿದ್ದು ಅದನ್ನೇ. ಅದರ ಆಧಾರದ ಮೇಲೆ ಈಗಿನ ಎಲ್ಲ ಆರ್ಕಿಡ್‌ಗಳ ಸಮಾನ ಪೂರ್ವಜ ಬದುಕಿದ್ದು 7.6ರಿಂದ 8.4 ಕೋಟಿ ವರ್ಷದ ಹಿಂದೆ ಎಂಬ ಲೆಕ್ಕ ಬಂತು. ಡೈನೋಸಾರ್‌ಗಳು ನಾಶವಾದದ್ದು 6.6 ಕೋಟಿ ವರ್ಷದ ಹಿಂದೆ. ಅಂದರೆ ಆರ್ಕಿಡ್‌ಗಳು ಅವುಗಳ ಕಾಲವನ್ನು ನೋಡಿದವು. ಆಮೇಲೆ ನ್ಯೂಜಿಲೆಂಡಿನಲ್ಲಿ ಆರ್ಕಿಡ್ ಎಲೆಗಳ ಪಳೆಯುಳಿಕೆಯೂ ಸಿಕ್ಕಿತು. ಲೆಕ್ಕ ಇನ್ನಷ್ಟು ಗಟ್ಟಿಯಾಯಿತು.

2015ರಲ್ಲಿ ಅಮೆರಿಕದ ಥಾಮಸ್ ಗಿವ್ನಿಶ್ ತಂಡ 11.2 ಕೋಟಿ ಎಂಬ ಅಂಕಿ ಕೊಟ್ಟಿತು. ಅಂತರ್ಜಾಲದಲ್ಲಿ ಹೆಚ್ಚು ಓಡಾಡುವುದು ಇದೇ. ಅದು ಆರ್ಕಿಡ್ ಕವಲು ತನ್ನ ನೆಂಟರ ಕುಟುಂಬಗಳಿಂದ ಬೇರೆಯಾದ ಕಾಲ. ಈಗಿರುವ ಆರ್ಕಿಡ್‌ಗಳೆಲ್ಲ ಕವಲೊಡೆಯಲು ಶುರುವಾದದ್ದು ಸುಮಾರು 9 ಕೋಟಿ ವರ್ಷದ ಹಿಂದೆ ಅಂತ ಅದೇ ತಂಡ ಹೇಳಿತ್ತು. ಹೀಗೆ ನೋಡಿದರೆ 7.6, 8.3, 9 ಕೋಟಿ, ಇವು ಒಂದೇ ಪ್ರಶ್ನೆಗೆ ಹತ್ತಿರ ಹತ್ತಿರದ ಉತ್ತರಗಳು. 11.2 ಕೋಟಿ ಬೇರೆ ಪ್ರಶ್ನೆಗೆ ಉತ್ತರ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದ್ದರಿಂದಲೇ ಅರ್ಧ ಗೊಂದಲ ಹುಟ್ಟಿದ್ದು. ವಯಸ್ಸಿನ ಬಗ್ಗೆ ಈಗ ದೊಡ್ಡ ತಕರಾರು ಉಳಿದಿಲ್ಲ ಎನ್ನಬಹುದು.

ಹುಟ್ಟೂರಿನ ಜಗಳ

ನಿಜವಾದ ಜಗಳ ಇರುವುದು ಜಾಗದ ಬಗ್ಗೆ.

ಗಿವ್ನಿಶ್ ತಂಡ 2016ರಲ್ಲಿ ಹೇಳಿದ್ದು ಇಷ್ಟು: ಆರ್ಕಿಡ್ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. ಆಗ ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ, ದಕ್ಷಿಣ ಅಮೆರಿಕ ಒಂದಕ್ಕೊಂದು ಅಂಟಿಕೊಂಡಂತೆ ಇದ್ದವು. ಅಂಟಾರ್ಕ್ಟಿಕಾದಲ್ಲಿ ಹಿಮದ ಬದಲು ಕಾಡು ಇತ್ತು. ಆ ದಾರಿಯಲ್ಲೇ ಆರ್ಕಿಡ್‌ಗಳು ಅಮೆರಿಕ ಸೇರಿದವು. ಆರ್ಕಿಡ್‌ನ ದೂರದ ನೆಂಟ ಕುಟುಂಬಗಳಲ್ಲಿ ಕೆಲವು ಇವತ್ತಿಗೂ ಆಸ್ಟ್ರೇಲಿಯಾ ಕಡೆಯವೇ ಆದ್ದರಿಂದ ಈ ವಾದ ಒಪ್ಪುವಂತಿತ್ತು.

2024ರ ತಂಡ ಇನ್ನೂ ದೊಡ್ಡ ವಂಶವೃಕ್ಷ ಕಟ್ಟಿತು. 1,921 ಪ್ರಭೇದಗಳು, 285 ಕುಲಗಳು. ಪ್ರತಿ ಪ್ರಭೇದ ಈಗ ಎಲ್ಲೆಲ್ಲಿ ಬೆಳೆಯುತ್ತದೆ ಎಂಬ ಪರಿಶೀಲಿಸಿದ ಮಾಹಿತಿಯನ್ನು ಅದಕ್ಕೆ ಜೋಡಿಸಿತು. ಆಗ ಸಮಾನ ಪೂರ್ವಜ ಇದ್ದ ಜಾಗ ಲಾರೇಶಿಯಾ ಎಂದು ಬಂತು. ಈಗಿನ ಉತ್ತರ ಅಮೆರಿಕ, ಯುರೋಪ್ ಮತ್ತು ಏಷ್ಯಾದ ಬಹುಭಾಗ ಸೇರಿದ ಹಳೆಯ ಭೂಭಾಗ ಅದು.

ಹಾಗಾದರೆ ಅತ್ಯಂತ ಹಳೆಯ ಕವಲು ಇವತ್ತು ಉತ್ತರದಲ್ಲಿ ಯಾಕೆ ಕಾಣುವುದಿಲ್ಲ? ಆರ್ಕಿಡ್ ಕುಟುಂಬದಲ್ಲಿ ಐದು ಉಪಕುಟುಂಬಗಳಿವೆ. ಎಲ್ಲಕ್ಕಿಂತ ಮೊದಲು ಬೇರೆಯಾದದ್ದು ಅಪೊಸ್ಟೇಸಿಯಾ ಬಳಗ. ಎರಡೇ ಕುಲ, 16 ಪ್ರಭೇದ. ಭಾರತದಿಂದ ಹಿಡಿದು ಆಸ್ಟ್ರೇಲಿಯಾದ ಉತ್ತರ ತುದಿಯವರೆಗೆ ಅಲ್ಲಲ್ಲಿ ಸಿಗುತ್ತವೆ. ನಮ್ಮ ಈಶಾನ್ಯ ರಾಜ್ಯಗಳ ಕಾಡಿನಲ್ಲೂ ಇವೆ. ಹೊಸ ಅಧ್ಯಯನದ ವಿವರಣೆ ಹೀಗಿದೆ: ಈ ಬಳಗ ಮೊದಲು ತುಂಬಾ ವಿಶಾಲವಾಗಿ ಹರಡಿತ್ತು. ಸುಮಾರು 3.4 ಕೋಟಿ ವರ್ಷದ ಹಿಂದೆ ಭೂಮಿ ತಣ್ಣಗಾಗತೊಡಗಿತು. ಉತ್ತರದ ಚಳಿ ಪ್ರದೇಶಗಳಲ್ಲಿ ಇದ್ದವು ಅಳಿದವು. ಬೆಚ್ಚಗಿನ ಜಾಗದಲ್ಲಿ ಇದ್ದವು ಮಾತ್ರ ಉಳಿದವು. ಇವತ್ತು ಕಾಣುವುದು ಆ ಉಳಿದ ಚೂರು.

ಇಲ್ಲಿ ಒಂದು ಎಚ್ಚರ ಬೇಕು. ಎರಡೂ ತಂಡಗಳು ಮಾಡಿದ್ದು ಒಂದೇ ರೀತಿಯ ಕೆಲಸ: ಈಗ ಗಿಡ ಎಲ್ಲಿದೆ ಎನ್ನುವುದರಿಂದ ಆಗ ಎಲ್ಲಿತ್ತು ಎಂದು ಊಹಿಸುವುದು. ನಡುವೆ ಅಳಿದುಹೋದ ಗಿಡಗಳು ಸಾಕ್ಷಿ ಹೇಳಲು ಬರುವುದಿಲ್ಲ. ಹಾಗಾಗಿ ಉತ್ತರದ ವಾದ ಈಗ ಮೇಲುಗೈ ಪಡೆದಿದೆ ಎನ್ನಬಹುದು, ಗೆದ್ದಿದೆ ಎನ್ನಲಾಗದು. ಹೆಚ್ಚು ಪ್ರಭೇದಗಳನ್ನು ನೋಡಿದ್ದು ಅದರ ಬಲ. ಕ್ರಿಟೇಶಿಯಸ್ ಕಾಲದ, ಅಂದರೆ ಡೈನೋಸಾರ್‌ಗಳ ಕೊನೆಯ ಯುಗದ, ಒಂದೇ ಒಂದು ಪಳೆಯುಳಿಕೆಯೂ ಕೈಯಲ್ಲಿ ಇಲ್ಲದಿರುವುದು ಎರಡೂ ವಾದಗಳ ದೌರ್ಬಲ್ಯ.

ನಮ್ಮ ನೆಲ ಆಗ ಎಲ್ಲಿತ್ತು ಎನ್ನುವುದೂ ಇಲ್ಲಿ ಮುಖ್ಯ. 8.3 ಕೋಟಿ ವರ್ಷದ ಹಿಂದೆ ಭಾರತ ಮಡಗಾಸ್ಕರ್‌ನಿಂದ ಬಿಡಿಸಿಕೊಂಡು, ದಕ್ಷಿಣದ ಸಮುದ್ರದಲ್ಲಿ ಒಂಟಿಯಾಗಿ ಉತ್ತರಕ್ಕೆ ಸರಿಯುತ್ತಿತ್ತು. ಏಷ್ಯಾಕ್ಕೆ ಬಂದು ತಾಗಿದ್ದು ಸುಮಾರು 5 ಕೋಟಿ ವರ್ಷದ ಹಿಂದೆ. ಚಾಮುಂಡಿ ಬೆಟ್ಟದ ಕಲ್ಲು ಸುಮಾರು 80 ಕೋಟಿ ವರ್ಷ ಹಳೆಯದು, ಹಾಗಾಗಿ ಆ ಇಡೀ ಪ್ರಯಾಣದಲ್ಲಿ ಅದೂ ಜೊತೆಗಿತ್ತು. ಆರ್ಕಿಡ್ ಹುಟ್ಟಿದ್ದು ಉತ್ತರದಲ್ಲಿ ಎಂದಾದರೆ, ಅವು ಮೊದಲಿನಿಂದಲೇ ಈ ನೆಲದ ಮೇಲೆ ಕೂತು ಬಂದವು ಎನ್ನುವುದು ಕಷ್ಟ. ಹೆಚ್ಚಿನವು ಭಾರತ ಏಷ್ಯಾ ಸೇರಿದ ಮೇಲೆ ಪೂರ್ವದ ಕಡೆಯಿಂದ ಬಂದು ಪಶ್ಚಿಮ ಘಟ್ಟ ಸೇರಿರಬೇಕು.

ಹೂವು ಕಂಡುಕೊಂಡ ಉಪಾಯ

ವಯಸ್ಸು, ಊರು ಆಯಿತು. ಇಷ್ಟೊಂದು ಬಗೆ ಹೇಗೆ ಬಂತು? ಅದಕ್ಕೆ ಹೂವನ್ನು ಹತ್ತಿರದಿಂದ ನೋಡಬೇಕು.

ಆರ್ಕಿಡ್‌ನಲ್ಲಿ ಹೊರಗೆ ಮೂರು, ಒಳಗೆ ಮೂರು ಎಸಳು. ಒಳಗಿನ ಮೂರರಲ್ಲಿ ಒಂದು ಉಳಿದ ಎರಡಕ್ಕಿಂತ ಬೇರೆ. ಅದಕ್ಕೆ ತುಟಿ ಎನ್ನುತ್ತಾರೆ. ಅದು ಹುಳ ಬಂದು ಕೂರುವ ಜಾಗ. ಬಣ್ಣ, ಗೆರೆ, ಕೂದಲು, ವಾಸನೆ, ಎಲ್ಲ ಕಸರತ್ತೂ ಅಲ್ಲೇ. ತುಟಿ ಕೆಳಗೆ ಬರಲಿ ಅಂತ ಬಹಳಷ್ಟು ಆರ್ಕಿಡ್‌ಗಳ ಮೊಗ್ಗು ಅರಳುವ ಮೊದಲು ತನ್ನ ತೊಟ್ಟನ್ನೇ ಅರ್ಧ ಸುತ್ತು ತಿರುಚಿಕೊಳ್ಳುತ್ತದೆ. ದಾಸವಾಳದಲ್ಲಿ ನಡುವಿನ ಕೊಳವೆಯ ಮೇಲೆ ಹತ್ತಾರು ಕೇಸರಗಳ ತುದಿಗಳನ್ನು ನಾವು ಬಿಡಿಬಿಡಿಯಾಗಿ ಕಾಣುತ್ತೇವೆ. ಆರ್ಕಿಡ್‌ನಲ್ಲಿ ಹಾಗಿಲ್ಲ. ಬಹುಪಾಲು ಆರ್ಕಿಡ್‌ಗಳಲ್ಲಿ ಕೆಲಸ ಮಾಡುವ ಕೇಸರ ಒಂದೇ. ಅದೂ ಹೆಣ್ಣು ಭಾಗದ ಜೊತೆ ಬೆಸೆದು ನಡುವೆ ಒಂದು ಕಂಬವಾಗಿ ನಿಂತಿದೆ. ಉಳಿದ ಕೇಸರಗಳು ಏನಾದವು? ಹೂವಿನೊಳಗೆ ನೀರು, ಆಹಾರ ಸಾಗಿಸುವ ನಾಳಗಳ ಜಾಡು ಹಿಡಿದರೆ ಹಳೆಯ ರಚನೆಯ ಗುರುತು ಸಿಗುತ್ತದೆ. ಕನ್ನಡಿಗ ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ 1948ರಲ್ಲಿ ಪ್ರಕಟಿಸಿದ ಸಂಶೋಧನೆ ಇದೇ ವಿಷಯದ್ದು. ಮರುವರ್ಷವೇ ಅವರು ಆರ್ಕಿಡ್ ಭ್ರೂಣಗಳ ಬೆಳವಣಿಗೆ ಬಗ್ಗೆ ಬರೆದ ಪ್ರಬಂಧಗಳೂ ಬಂದವು. ಡಿಎನ್‌ಎ ಓದುವ ಯಂತ್ರ ಇಲ್ಲದ ಕಾಲದಲ್ಲಿ ವಂಶದ ಕತೆ ಬಿಡಿಸುತ್ತಿದ್ದದ್ದು ಹೀಗೆ, ತೆಳುವಾಗಿ ಕೊಯ್ದ ಹೂವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟುಕೊಂಡು.

ಮುಖ್ಯ ಬದಲಾವಣೆ ಪರಾಗದಲ್ಲಿ ಆಯಿತು. ಅಪೊಸ್ಟೇಸಿಯಾದಲ್ಲಿ ಅದು ಇನ್ನೂ ಪುಡಿಯೇ. ಅದರ ಹೂವಿನ ಎಸಳುಗಳೂ ಹೆಚ್ಚು ಕಡಿಮೆ ಒಂದೇ ಥರ. ಆಮೇಲೆ ಬಂದ ದೊಡ್ಡ ಕವಲುಗಳಲ್ಲಿ ಪರಾಗವೆಲ್ಲ ಸೇರಿ ಉಂಡೆಯಾಯಿತು, ಉಂಡೆಗೆ ಅಂಟೂ ಬಂತು. ಹುಳ ಬಂದು ಹೋಗುವಾಗ ಇಡೀ ಉಂಡೆ ಅದರ ತಲೆಗೋ ಬೆನ್ನಿಗೋ ಅಂಟುತ್ತದೆ. ಮುಂದಿನ ಹೂವಿಗೆ ತಲುಪಿದರೆ ಒಂದೇ ಏಟಿಗೆ ಲಕ್ಷಾಂತರ ಬೀಜ. ತಲುಪದಿದ್ದರೆ ಏನೂ ಇಲ್ಲ. ಪೂರ್ತಿ ಜೂಜು. ಈ ಜೂಜು ಗೆಲ್ಲಬೇಕಾದರೆ ಸರಿಯಾದ ಹುಳ, ಮೈಯ ಸರಿಯಾದ ಜಾಗಕ್ಕೆ ಉಂಡೆ ಅಂಟಿಸಿಕೊಂಡು ಹೋಗಬೇಕು. ಹೂವಿನ ಆಕಾರ ಒಂದು ಚೂರು ಬದಲಾದರೆ ಉಂಡೆ ಬೇರೆ ಜಾಗಕ್ಕೆ ಅಂಟುತ್ತದೆ. ವಾಸನೆ ಬದಲಾದರೆ ಬೇರೆ ಹುಳವೇ ಬರುತ್ತದೆ. ಆಗ ಪಕ್ಕಪಕ್ಕದಲ್ಲೇ ಬೆಳೆದ ಎರಡು ಗುಂಪುಗಳ ನಡುವೆ ಪರಾಗ ಹರಿಯುವುದು ನಿಲ್ಲುತ್ತದೆ. ಕಾಲ ಕಳೆದಂತೆ ಅವು ಎರಡು ಪ್ರಭೇದಗಳಾಗುತ್ತವೆ.

ಈ ಬೇಲಿ ಹೆಚ್ಚಾಗಿ ಹುಳ ಹಾಕಿದ್ದು, ಗಿಡದೊಳಗಿನದ್ದಲ್ಲ ಎನ್ನುವುದಕ್ಕೆ ಹೂವಿನ ಪ್ರದರ್ಶನಗಳೇ ಸಾಕ್ಷಿ. ಅಲ್ಲಿ ಕುಂಡದಲ್ಲಿ ಕಾಣುವ ಆರ್ಕಿಡ್‌ಗಳು, ಮದುವೆ ಮಂಟಪಕ್ಕೆ ಕಟ್ಟುವ ನೇರಳೆ ಡೆಂಡ್ರೋಬಿಯಂ, ಹೆಚ್ಚಿನವು ಮನುಷ್ಯ ಮಾಡಿದ ಮಿಶ್ರತಳಿಗಳು. ಇಂಗ್ಲೆಂಡಿನಲ್ಲಿ ಮೊದಲ ಮಿಶ್ರತಳಿ ಹೂ ಬಿಟ್ಟದ್ದು 1856ರಲ್ಲಿ. ಈಗ ನೋಂದಣಿಯಾದವು ಒಂದು ಲಕ್ಷಕ್ಕೂ ಜಾಸ್ತಿ. ಎಷ್ಟೋ ಸಲ ಬೇರೆ ಬೇರೆ ಕುಲದವನ್ನೂ ಕೂಡಿಸುತ್ತಾರೆ. ಹುಳದ ಕೆಲಸವನ್ನು ಕೈಯಲ್ಲಿ ಮಾಡಿದರೆ ಇಷ್ಟೊಂದು ಪ್ರಭೇದಗಳು ಸಲೀಸಾಗಿ ಕೂಡುತ್ತವೆ ಎಂದರೆ, ಅವು ಬೇರೆಯಾಗಿ ತುಂಬಾ ಕಾಲ ಆಗಿಲ್ಲ ಎಂಬ ಅನುಮಾನ ಬರುತ್ತದೆ, ಅಲ್ವಾ? 50 ಲಕ್ಷದ ಲೆಕ್ಕಕ್ಕೆ ಇದು ಹೊಂದುತ್ತದೆ.

ಹುಳ ಸಿಗದಿದ್ದರೆ ಏನಾಗುತ್ತದೆ ಎನ್ನುವುದು ಕೊಡಗು, ಮಲೆನಾಡಿನ ರೈತರಿಗೆ ಗೊತ್ತು. ವೆನಿಲಾ ಕೂಡ ಆರ್ಕಿಡ್ಡೇ, ಅದೂ ಹಳೆಯ ಕವಲಿನದ್ದು. ಅದರ ತವರು ಮೆಕ್ಸಿಕೊ ಕಡೆ. ಅಲ್ಲಿಯ ಜೇನು ಇಲ್ಲಿಲ್ಲ. 2000ದ ಆರಂಭದ ವರ್ಷಗಳಲ್ಲಿ ಇಲ್ಲಿ ವೆನಿಲಾ ಹುಚ್ಚು ಹತ್ತಿದಾಗ ಬೆಳಗ್ಗೆ ಎದ್ದು ಒಂದೊಂದೇ ಹೂವಿಗೆ ಕಡ್ಡಿ ಹಿಡಿದು ಪರಾಗಸ್ಪರ್ಶ ಮಾಡಬೇಕಾಯಿತು. ಆ ಸುಲಭ ವಿಧಾನ ಕಂಡುಹಿಡಿದದ್ದು 1841ರಲ್ಲಿ, ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ 12 ವರ್ಷದ ಹುಡುಗ ಎಡ್ಮಂಡ್ ಆಲ್ಬಿಯಸ್.

ಬೀಜ, ಬೂಷ್ಟು, ಮರ

ಆರ್ಕಿಡ್ ಬೀಜ ಬರಿಗಣ್ಣಿಗೆ ಪುಡಿಯಂತೆ ಕಾಣುತ್ತದೆ. ಒಂದು ಕಾಯಲ್ಲಿ ಲಕ್ಷಗಟ್ಟಲೆ ಇರುತ್ತವೆ. ಇಷ್ಟು ಹಗುರ ಏಕೆಂದರೆ ಒಳಗೆ ಬುತ್ತಿ ಇಲ್ಲ. ಅವರೆ, ತೊಗರಿಯಲ್ಲಿ ಮೊಳಕೆಗೆ ಬೇಕಾದ ಆಹಾರ ಬೀಜದಲ್ಲೇ ಇದೆ. ಆರ್ಕಿಡ್ ಬೀಜ ಬಿದ್ದ ಕಡೆ ಸರಿಯಾದ ಬೂಷ್ಟು, ಅಂದರೆ ಶಿಲೀಂಧ್ರ, ಇರಬೇಕು. ಅದು ಬೀಜದೊಳಗೆ ಹೊಕ್ಕು ಆಹಾರ ಕೊಟ್ಟರೆ ಮೊಳಕೆ, ಇಲ್ಲದಿದ್ದರೆ ಇಲ್ಲ. ಇದನ್ನು ಫ್ರಾನ್ಸಿನ ನೋಯೆಲ್ ಬರ್ನಾರ್ ಕಂಡುಕೊಂಡದ್ದು 1899ರಲ್ಲಿ. ಅಮೆರಿಕದ ಲೂಯಿಸ್ ನುಡ್ಸನ್ 1922ರಲ್ಲಿ ಶಿಲೀಂಧ್ರದ ಬದಲು ಸಕ್ಕರೆ ಕೊಟ್ಟು ಬಾಟಲಿಯಲ್ಲಿ ಮೊಳಕೆ ಬರಿಸಿದರು. ಇವತ್ತು ನರ್ಸರಿಗಳಲ್ಲಿ ಆರ್ಕಿಡ್ ಕೈಗೆಟಕುವ ಬೆಲೆಗೆ ಸಿಗುವುದರ ಹಿಂದೆ ಆ ಕೆಲಸ ಇದೆ.

ಇದರಿಂದ ಒಂದು ವಿಚಿತ್ರ ಹುಟ್ಟುತ್ತದೆ. ಗಾಳಿಗೆ ಎಷ್ಟು ದೂರ ಬೇಕಾದರೂ ಹೋಗಬಲ್ಲ ಬೀಜ, ಆದರೆ ಎಷ್ಟೋ ಪ್ರಭೇದಗಳು ಒಂದೆರಡು ಬೆಟ್ಟ ಬಿಟ್ಟು ಆಚೆ ಇಲ್ಲ. ಹಾರುವುದು ಸುಲಭ, ನೆಲೆಯೂರುವುದು ಕಷ್ಟ. ಬೂಷ್ಟೂ ಸಿಗಬೇಕು, ತೇವವೂ ಇರಬೇಕು, ಹುಳವೂ ಬರಬೇಕು. ಅಪರೂಪಕ್ಕೆ ಎಲ್ಲ ಕೂಡಿ ಬಂದ ಜಾಗದಲ್ಲಿ ಕೆಲವೇ ಗಿಡಗಳು ನೆಲೆಯೂರಿ, ಮೂಲ ಗುಂಪಿನಿಂದ ದೂರವಾಗಿ, ತಮ್ಮದೇ ದಾರಿ ಹಿಡಿಯುತ್ತವೆ. ಹೊಸ ಪ್ರಭೇದ ಹುಟ್ಟಲು ಇದಕ್ಕಿಂತ ಒಳ್ಳೆಯ ಸಂದರ್ಭ ಇಲ್ಲ.

ಇನ್ನು ಮರ. ಸುಮಾರು ಮುಕ್ಕಾಲು ಪಾಲು ಆರ್ಕಿಡ್‌ಗಳು ಮರದ ಮೇಲೆ ಬೆಳೆಯುತ್ತವೆ. ಅಲ್ಲಿ ಬೆಳಕು ಜಾಸ್ತಿ, ಪೈಪೋಟಿ ಕಡಿಮೆ, ಆದರೆ ಮಳೆ ನಿಂತ ಕೂಡಲೇ ಒಣಗು. ಅದಕ್ಕಾಗಿ ಬೇರಿಗೆ ನೀರು ಹೀರುವ ಬಿಳಿ ಹೊದಿಕೆ ಬಂತು, ಕಾಂಡ ಉಬ್ಬಿ ನೀರು ಕೂಡಿಡುವ ಗಡ್ಡೆಯಾಯಿತು. ಕೆಲವು ಹಗಲಲ್ಲಿ ಎಲೆಯ ರಂಧ್ರ ಮುಚ್ಚಿ, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಹಿಡಿದಿಡುವುದನ್ನು ಕಲಿತವು.

ಕಾರಣ ಯಾವುದು?

ಹುಳವೇ ಕಾರಣ ಎನ್ನುವುದು ಹಳೆಯ ನಂಬಿಕೆ. ಡಾರ್ವಿನ್ 1862ರಲ್ಲಿ ಆರ್ಕಿಡ್‌ಗಳ ಬಗ್ಗೆಯೇ ಪುಸ್ತಕ ಬರೆದ ಮೇಲೆ ಅದು ಗಟ್ಟಿಯಾಯಿತು. ಗಿವ್ನಿಶ್ ತಂಡ 2015ರಲ್ಲಿ ಇದನ್ನು ಅಳೆದು ನೋಡಿತು. ಪರಾಗದ ಉಂಡೆ, ಮರದ ಮೇಲಿನ ಬದುಕು, ರಾತ್ರಿ ಉಸಿರಾಡುವ ಎಲೆ, ಉಷ್ಣವಲಯದ ಪರ್ವತ ಸಾಲುಗಳು, ಚಿಟ್ಟೆ-ಪತಂಗ ಮತ್ತು ಅಮೆರಿಕದ ಕೆಲವು ವಿಶೇಷ ಜೇನುಗಳು, ಇವೆಲ್ಲ ಪ್ರಭೇದ ಹುಟ್ಟುವ ವೇಗ ಹೆಚ್ಚಿಸಿದವು ಎಂದು ಕಂಡಿತು. ಮೋಸ ಮಾತ್ರ ಆ ಪಟ್ಟಿಗೆ ಬರಲಿಲ್ಲ. ಆರ್ಕಿಡ್‌ಗಳಲ್ಲಿ ಸುಮಾರು ಮೂರನೇ ಒಂದು ಪಾಲು ಹುಳಕ್ಕೆ ಏನೂ ಕೊಡದೆ ಯಾಮಾರಿಸುತ್ತವೆ. ಯುರೋಪಿನ ಓಫ್ರಿಸ್ ಹೂವು ಹೆಣ್ಣು ಜೇನಿನ ವಾಸನೆ ಬೀರಿ ಗಂಡನ್ನು ಕರೆಯುತ್ತದೆ. ಪತ್ರಿಕೆಗಳಿಗೆ ತುಂಬಾ ಇಷ್ಟವಾದ ಕತೆ ಇದು. ಆದರೆ ವೇಗ ಹೆಚ್ಚಿಸಿದ್ದಕ್ಕೆ ಅದೇ ಕಾರಣ ಎನ್ನಲು ಆ ಲೆಕ್ಕದಲ್ಲಿ ಆಧಾರ ಸಿಗಲಿಲ್ಲ.

2023ರಲ್ಲಿ ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ತಂಡ ಇನ್ನೊಂದು ಮಾತು ಹೇಳಿತು. ನೆಲದ ಮೇಲೆ ಬೆಳೆಯುವ ಆರ್ಕಿಡ್‌ಗಳಲ್ಲಿ ಕಳೆದ 1 ಕೋಟಿ ವರ್ಷದಲ್ಲಿ ಪ್ರಭೇದಗಳು ಭರಭರ ಹುಟ್ಟಿದವು, ಭೂಮಿ ತಣ್ಣಗಾದದ್ದೇ ಅದಕ್ಕೆ ಮುಖ್ಯ ಕಾರಣ. ಚಳಿ ಬಂದಾಗ ಕಾಡು ಒಡೆದು ಚೂರಾಗುತ್ತದೆ, ಚೂರುಗಳಲ್ಲಿ ಸಿಕ್ಕ ಗಿಡಗಳು ಬೇರೆ ಬೇರೆಯಾಗುತ್ತವೆ. 2024ರ ತಂಡ ಬೆರಳು ತೋರಿಸಿದ್ದು ಪನಾಮಾ, ಕೋಸ್ಟರಿಕದ ಕಡೆ. ಪ್ರಭೇದ ಹುಟ್ಟುವ ವೇಗ ಅಲ್ಲೇ ಎಲ್ಲಕ್ಕಿಂತ ಜಾಸ್ತಿ. ಅಲ್ಲಿ ಹೊಸ ಬೆಟ್ಟಗಳು, ಒಂದೊಂದು ಎತ್ತರಕ್ಕೆ ಒಂದೊಂದು ಹವೆ.

ಇವು ಒಂದನ್ನೊಂದು ಹೊಡೆದುಹಾಕುವ ವಾದಗಳಲ್ಲ ಎಂದೇ ನನಗೆ ಕಾಣುತ್ತದೆ. ಬೆಟ್ಟ ಮತ್ತು ಚಳಿ ಗಿಡಗಳನ್ನು ಬೇರೆ ಮಾಡುತ್ತವೆ. ಬೇರೆಯಾದವು ಮತ್ತೆ ಕೂಡದಂತೆ ಹುಳ ತಡೆಯುತ್ತದೆ. ಇಷ್ಟಕ್ಕೂ ಬೇಕಾದ ಸಲಕರಣೆ ಮೊದಲೇ ಸಿದ್ಧವಿತ್ತು. ಅಪೊಸ್ಟೇಸಿಯಾದ ಪೂರ್ತಿ ಜೀನೋಮ್ ಓದಿದ 2017ರ ಸಂಶೋಧನೆ, ಈಗಿನ ಆರ್ಕಿಡ್‌ಗಳೆಲ್ಲ ಕವಲೊಡೆಯುವ ಮೊದಲೇ ಅವುಗಳ ಪೂರ್ವಜನಲ್ಲಿ ಇಡೀ ಜೀನ್‌ಗಳ ಕಟ್ಟು ಒಮ್ಮೆ ಇಮ್ಮಡಿಯಾಗಿತ್ತು ಎಂದು ತೋರಿಸಿತು. ಒಂದು ಪ್ರತಿ ಹಳೆಯ ಕೆಲಸ ನೋಡಿಕೊಂಡರೆ ಇನ್ನೊಂದು ಹೊಸದನ್ನು ಪ್ರಯತ್ನಿಸಬಹುದು. ಸಲಕರಣೆ ಎಂಟು ಕೋಟಿ ವರ್ಷ ಹಳೆಯದು, ಅದು ಜೋರಾಗಿ ಬಳಕೆಯಾದದ್ದು ಇತ್ತೀಚೆಗೆ.

50 ಲಕ್ಷವನ್ನು ಎಷ್ಟು ನಂಬಬಹುದು?

ಸ್ವಲ್ಪ ಎಚ್ಚರದಿಂದಲೇ ನಂಬಬೇಕು. ಬದುಕಿರುವ ಗಿಡಗಳಿಂದ ಮಾತ್ರ ವಂಶವೃಕ್ಷ ಕಟ್ಟಿದರೆ, ಹೊಸ ಕವಲುಗಳು ಯಾವಾಗಲೂ ಜಾಸ್ತಿ ಕಾಣುತ್ತವೆ. ಯಾಕೆಂದರೆ ಅವುಗಳಿಗೆ ಅಳಿಯಲು ಇನ್ನೂ ಸಮಯವೇ ಸಿಕ್ಕಿಲ್ಲ. 4 ಕೋಟಿ ವರ್ಷದ ಹಿಂದೆಯೂ ಇದೇ ರೀತಿ ಸಾವಿರಾರು ಪ್ರಭೇದ ಹುಟ್ಟಿ, ಬಹುತೇಕ ಅಳಿದುಹೋಗಿದ್ದರೆ ಈ ಮರದಲ್ಲಿ ಅವು ಕಾಣುವುದಿಲ್ಲ. 2020ರಲ್ಲಿ ಲೂಕಾ ಮತ್ತು ಪೆನೆಲ್ ಎಂಬ ಇಬ್ಬರು ವಿಜ್ಞಾನಿಗಳು ಗಣಿತ ಹಾಕಿ ತೋರಿಸಿದ್ದು ಇದನ್ನೇ: ಬದುಕಿರುವ ಜೀವಿಗಳ ಒಂದೇ ವಂಶವೃಕ್ಷಕ್ಕೆ ಹುಟ್ಟು-ಸಾವಿನ ಲೆಕ್ಕವಿಲ್ಲದಷ್ಟು ಚರಿತ್ರೆಗಳು ಹೊಂದಿಕೊಳ್ಳುತ್ತವೆ. ಮೇಲಾಗಿ 2024ರ ಅಧ್ಯಯನ ಓದಿದ್ದು ಶೇಕಡ 7ರಷ್ಟು ಪ್ರಭೇದಗಳನ್ನು ಮಾತ್ರ. ಆದ್ದರಿಂದ 'ಈಗ ಬದುಕಿರುವವುಗಳಲ್ಲಿ ಹೆಚ್ಚಿನವು ಹೊಸವು' ಎಂದರೆ ಸರಿ. 'ಮೊದಲು ಆರ್ಕಿಡ್‌ಗಳು ಕಡಿಮೆ ಇದ್ದವು' ಎಂದರೆ ಅದು ಬೇರೆ ಮಾತು, ಅದಕ್ಕೆ ಪುರಾವೆ ಇಲ್ಲ.

ಇದರಿಂದ ಏನಾಗುತ್ತದೆ?

ಪರೀಕ್ಷೆ ಬರೆಯುವವರಿಗೆ ಮೊದಲು. ಕಾಲ: ಕ್ರಿಟೇಶಿಯಸ್ ಯುಗದ ಕೊನೆಯ ಭಾಗ, ಸುಮಾರು 8ರಿಂದ 9 ಕೋಟಿ ವರ್ಷದ ಹಿಂದೆ. ಜಾಗ: ಇತ್ತೀಚಿನ ಅಧ್ಯಯನದಂತೆ ಲಾರೇಶಿಯಾ, ಅದಕ್ಕೂ ಮೊದಲಿನ ವಾದದಂತೆ ಆಸ್ಟ್ರೇಲಿಯಾ. ಎರಡನ್ನೂ ವರ್ಷದ ಸಮೇತ ಬರೆದರೆ ತಪ್ಪಾಗದು.

ಕಾಡಿನ ಮಟ್ಟಿಗೆ ಇದರ ಪರಿಣಾಮ ದೊಡ್ಡದು. ಹೊಸದಾಗಿ ಹುಟ್ಟಿದ ಪ್ರಭೇದ ಸಾಮಾನ್ಯವಾಗಿ ಚಿಕ್ಕ ಜಾಗದಲ್ಲೇ ಇರುತ್ತದೆ, ಹರಡಲು ಅದಕ್ಕೆ ಕಾಲ ಸಿಕ್ಕಿರುವುದಿಲ್ಲ. ಒಂದು ಬೆಟ್ಟದ ಕಾಡು ಹೋದರೆ ಪ್ರಭೇದವೇ ಹೋಯಿತು. ಮೈಸೂರಿನಿಂದ ಅರ್ಧ ದಿನದೊಳಗೆ ತಲುಪಬಹುದಾದ ಬಿಳಿಗಿರಿರಂಗನ ಬೆಟ್ಟ, ಕೊಡಗಿನ ಕಾಡು, ಅದರಾಚೆಯ ಘಟ್ಟ ಸಾಲು, ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. ಗಿಡವನ್ನು ಕಿತ್ತು ತಂದು ಉದ್ಯಾನದಲ್ಲಿ ನೆಟ್ಟರೆ ಉಳಿಸಿದಂತೆ ಆಗುವುದಿಲ್ಲ. ಅದರ ಹುಳ, ಅದರ ಬೂಷ್ಟು ಅಲ್ಲೇ ಉಳಿದಿರುತ್ತವೆ. ಅಂಥ ಗಿಡ ಹೂ ಬಿಟ್ಟರೂ ತಾನಾಗಿ ಮರಿ ಮಾಡುವುದು ಅಪರೂಪ.

ಕಾನೂನು ಇಲ್ಲವೆಂದಲ್ಲ. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದಲ್ಲಿ ಇಡೀ ಆರ್ಕಿಡ್ ಕುಟುಂಬವೇ ಇದೆ. ಆ ಒಪ್ಪಂದದ ಪಟ್ಟಿಯಲ್ಲಿ ಇರುವ ಒಟ್ಟು ಜೀವಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆರ್ಕಿಡ್‌ಗಳೇ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ನೀಲಿ ವಾಂಡಾ, ಕೆಂಪು ವಾಂಡಾ ಮತ್ತು ಚಪ್ಪಲಿ ಆಕಾರದ ತುಟಿಯ ಪೆಫಿಯೋಪೆಡಿಲಂಗಳನ್ನು ಹೆಸರಿಸಿ ರಕ್ಷಿಸುತ್ತದೆ. ಆದರೆ ಇವೆಲ್ಲ ಕಳ್ಳಸಾಗಣೆ ಆಗುವ, ಕಣ್ಣಿಗೆ ಬೀಳುವ ಚೆಲುವಿನವು. ಹುಲ್ಲಿನ ನಡುವೆ ಮಳೆಗಾಲದಲ್ಲಿ ಮಾತ್ರ ತಲೆ ಎತ್ತುವ ಬೆರಳುದ್ದದ ಹಸಿರು ಹೂವಿನ ಆರ್ಕಿಡ್‌ಗೆ ಅಪಾಯ ಕಳ್ಳರಿಂದ ಬರುವುದಿಲ್ಲ. ರಸ್ತೆ, ರೆಸಾರ್ಟ್, ತೋಟ, ಬೆಂಕಿಯಿಂದ ಬರುತ್ತದೆ.

ಬಿಸಿಯೇರುವ ಭೂಮಿಯ ಬಗ್ಗೆ ಅವಸರದ ತೀರ್ಮಾನ ಬೇಡ. ಚಳಿ ಪ್ರಭೇದಗಳನ್ನು ಹುಟ್ಟಿಸಿತು, ಹಾಗಾಗಿ ಬಿಸಿ ಅವನ್ನು ಅಷ್ಟೇ ವೇಗದಲ್ಲಿ ಕೊಲ್ಲುತ್ತದೆ ಎಂದು ಬಾತ್ ಅಧ್ಯಯನ ಹೇಳುವುದಿಲ್ಲ. ಆದರೆ ಬೆಟ್ಟದ ತುದಿಯ ತಂಪಿಗೆ ಒಗ್ಗಿದ ಗಿಡಕ್ಕೆ ಇನ್ನೂ ಮೇಲೆ ಹೋಗಲು ಜಾಗ ಇಲ್ಲ. ಇದಕ್ಕೆ ಯಾವ ಲೆಕ್ಕವೂ ಬೇಕಿಲ್ಲ.

ಮುಂದಿನ ಉತ್ತರ ಬರಬೇಕಾದದ್ದು ಇನ್ನೂ ಓದದ 451 ಕುಲಗಳಿಂದ. ಅದಕ್ಕೆ ಪ್ರತಿ ಸಲ ಕಾಡಿಗೆ ಹೋಗಿ ಗಿಡ ಕೀಳಬೇಕಿಲ್ಲ. ಕ್ಯೂ ವಿಜ್ಞಾನಿಗಳು ಹೂ ಬಿಡುವ ಎಲ್ಲ ಸಸ್ಯಗಳಿಗೂ ಹೊಂದುವಂತೆ 353 ಜೀನ್‌ಗಳನ್ನು ಒಟ್ಟಿಗೆ ಓದುವ ವಿಧಾನ ರೂಪಿಸಿದ್ದಾರೆ. ಒಣಗಿಸಿ ಕಾಗದಕ್ಕೆ ಅಂಟಿಸಿಟ್ಟ ಹಳೆಯ ಮಾದರಿಗಳಿಗೂ ಅದು ಕೆಲಸ ಮಾಡುತ್ತದೆ. ಅಂಥ ಮಾದರಿಗಳು ನಮ್ಮ ದೇಶದ ಸಸ್ಯ ಸಂಗ್ರಹಗಳಲ್ಲಿ ಕಪಾಟು ತುಂಬಾ ಇವೆ. ಪಶ್ಚಿಮ ಘಟ್ಟದಲ್ಲಿ ಮಾತ್ರ ಸಿಗುವ ಆರ್ಕಿಡ್‌ಗಳು ಘಟ್ಟದಲ್ಲೇ ಹೊಸದಾಗಿ ಹುಟ್ಟಿದವೋ, ಬೇರೆಡೆ ಅಳಿದು ಇಲ್ಲಿ ಮಾತ್ರ ಉಳಿದ ಹಳೆಯವೋ ಎಂಬುದನ್ನು ಅವುಗಳಿಂದಲೇ ಪರೀಕ್ಷಿಸಬಹುದು.